ಸರ್ಗೋಧಾದಿಂದ ಮರಳದ ವಿಮಾನ: ಕೊಡಗಿನ ದೇವಯ್ಯ ಅವರ ಕೊನೆಯ ಹೋರಾಟ ಬೆಳಕಿಗೆ ಬಂದ ಬಗೆ

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಪಂಜಾಬಿನ ಆದಂಪುರ ವಾಯುನೆಲೆಯಿಂದ ಮಿಸ್ಟೇರ್ ಯುದ್ಧವಿಮಾನ ಏರಿ ಹೊರಟರು. ಗುರಿ ಇದ್ದದ್ದು ಪಾಕಿಸ್ತಾನದ ಸರ್ಗೋಧಾ. ಜೊತೆಗೆ ಹೋದ ವಿಮಾನಗಳು ದಾಳಿ ಮುಗಿಸಿ ಹಿಂತಿರುಗಿದವು, ದೇವಯ್ಯ ಅವರ ವಿಮಾನ ಬರಲಿಲ್ಲ. ಅದು ಎಲ್ಲಿ ಬಿತ್ತು, ಹೇಗೆ ಬಿತ್ತು ಎಂದು ಹೇಳಬಲ್ಲವರು ತಂಡದಲ್ಲಿ ಒಬ್ಬರೂ ಇರಲಿಲ್ಲ. ವಾಯುಪಡೆಯ ದಾಖಲೆಯಲ್ಲಿ ಅವರ ಹೆಸರಿನ ಮುಂದೆ ‘ಕಾಣೆಯಾಗಿದ್ದಾರೆ’ ಎಂಬ ಒಂದೇ ಮಾತು ಉಳಿಯಿತು. ಆ ಮಾತಿನ ಹಿಂದಿದ್ದ ಸಂಗತಿ ಹೊರಬರಲು 14 ವರ್ಷ ಹಿಡಿಯಿತು. ಅದಕ್ಕೆ ತಕ್ಕ ಗೌರವ ಸಲ್ಲಲು ಮತ್ತೂ 9 ವರ್ಷ ಬೇಕಾಯಿತು.

ಯುದ್ಧದಲ್ಲಿ ಕಣ್ಮರೆಯಾದ ಪೈಲಟ್‌ಗಳ ಗತಿಯನ್ನು ಹುಡುಕಿ ತೆಗೆಯುವ ಕೆಲಸ ಜಗತ್ತಿನ ಎಲ್ಲ ಕಡೆ ನಡೆದಿದೆ. ಅಂಥ ಹುಡುಕಾಟಗಳಲ್ಲಿ ದೇವಯ್ಯ ಅವರ ಪ್ರಕರಣಕ್ಕೆ ಒಂದು ವಿಶೇಷವಿದೆ. ಅವರ ಶೌರ್ಯಕ್ಕೆ ಸಾಕ್ಷಿ ಸಿಕ್ಕಿದ್ದು ಸ್ವಂತ ದೇಶದ ಕಡತಗಳಲ್ಲಲ್ಲ, ಯಾರ ವಿರುದ್ಧ ಹೋರಾಡಿದರೋ ಅವರ ಕಡೆಯಿಂದ.

ಕೊಡಗಿನಿಂದ ವಾಯುಪಡೆಗೆ

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು. ತಂದೆ ಬೋಪಯ್ಯ ವೈದ್ಯರು. ಅಜ್ಜಮಾಡ ಎಂಬುದು ಕೊಡವ ಮನೆತನದ, ಅಂದರೆ ‘ಒಕ್ಕ’ದ ಹೆಸರು. ಕೊಡವರಲ್ಲಿ ಒಕ್ಕದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಆಗಿನ ಕೊಡಗು ಪ್ರತ್ಯೇಕ ಪ್ರಾಂತ್ಯ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ವಿಸ್ತೀರ್ಣದಲ್ಲಿ ಚಿಕ್ಕದಾದ ಈ ಜಿಲ್ಲೆ ದೇಶದ ಸೇನೆಗೆ ಕೊಟ್ಟ ಅಧಿಕಾರಿಗಳ ಸಂಖ್ಯೆ ದೊಡ್ಡದು. ಸ್ವತಂತ್ರ ಭಾರತದ ಮೊದಲ ಭಾರತೀಯ ಮಹಾದಂಡನಾಯಕ ಕೊಡಂದೇರ ಕಾರ್ಯಪ್ಪ, ಜನರಲ್ ಕೊಡಂದೇರ ತಿಮ್ಮಯ್ಯ ಇಬ್ಬರೂ ಈ ನೆಲದವರೇ. ದೇವಯ್ಯ ಬೆಳೆದದ್ದು ಇಂಥ ಪರಂಪರೆಯ ನಡುವೆ.

1954ರಲ್ಲಿ ಅವರು ಪೈಲಟ್ ಆಗಿ ವಾಯುಪಡೆಗೆ ನಿಯುಕ್ತರಾದರು. ಗೆಳೆಯರ ಬಳಗ ಅವರನ್ನು ‘ಟಬ್ಬಿ’ ಎಂಬ ಅಡ್ಡಹೆಸರಿನಿಂದ ಕರೆಯುತ್ತಿತ್ತು. ಯುದ್ಧ ಆರಂಭವಾಗುವ ಹೊತ್ತಿಗೆ ಅವರು ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸುವ ಬೋಧಕರಾಗಿದ್ದರು. ಯುದ್ಧ ಬಂದಾಗ ಅವರನ್ನು ವಾಯುಪಡೆಯ 1ನೇ ಸ್ಕ್ವಾಡ್ರನ್‌ಗೆ ಕಳುಹಿಸಲಾಯಿತು. ‘ಟೈಗರ್ಸ್’ ಎಂದು ಹೆಸರಾದ ಈ ಸ್ಕ್ವಾಡ್ರನ್ ಹುಟ್ಟಿದ್ದು 1933ರ ಏಪ್ರಿಲ್ 1ರಂದು. ಭಾರತೀಯ ವಾಯುಪಡೆಯ ಸ್ಕ್ವಾಡ್ರನ್‌ಗಳಲ್ಲಿ ಅದೇ ಮೊದಲನೆಯದು. ಆಗ ದೇವಯ್ಯ ಅವರಿಗೆ 32 ವರ್ಷ. ಮನೆಯಲ್ಲಿ ಪತ್ನಿ ಮತ್ತು ಇಬ್ಬರು ಪುಟ್ಟ ಹೆಣ್ಣುಮಕ್ಕಳಿದ್ದರು.

ಸರ್ಗೋಧಾ ದಾಳಿ

1965ರ ಸೆಪ್ಟೆಂಬರ್ 6ರಂದು ಭಾರತದ ಸೇನೆ ಲಾಹೋರ್ ದಿಕ್ಕಿನಲ್ಲಿ ಗಡಿ ದಾಟಿತು. ಅಂದೇ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ಮತ್ತಿತರ ಭಾರತೀಯ ನೆಲೆಗಳ ಮೇಲೆ ಎರಗಿದವು. ಪಠಾಣ್‌ಕೋಟ್‌ನಲ್ಲಿ ನೆಲದ ಮೇಲೆ ನಿಂತಿದ್ದ ಹಲವು ವಿಮಾನಗಳು ಸುಟ್ಟುಹೋದವು. ಮರುದಿನ ಮುಂಜಾನೆಯೇ ಪಾಕಿಸ್ತಾನದ ಅತಿ ದೊಡ್ಡ ವಾಯುನೆಲೆಯಾದ ಸರ್ಗೋಧಾದ ಮೇಲೆ ಪ್ರತಿದಾಳಿ ಮಾಡಬೇಕೆಂದು ತೀರ್ಮಾನವಾಯಿತು.

ಸರ್ಗೋಧಾ ಬಹು ದೂರದ ಗುರಿ. ಫ್ರಾನ್ಸಿನ ಡಸಾಲ್ಟ್ ಕಂಪನಿ ತಯಾರಿಸಿದ ಮಿಸ್ಟೇರ್ ವಿಮಾನಗಳು ಅಲ್ಲಿಯವರೆಗೆ ಹೋಗಿ ಬರಲು ತುಂಬಿದ ಇಂಧನ ಹೆಚ್ಚುಕಡಿಮೆ ಅಳೆದಿಟ್ಟಷ್ಟೇ. ರೇಡಾರ್ ಕಣ್ಣು ತಪ್ಪಿಸಲು ಮರದ ತುದಿ ಸವರುವಷ್ಟು ಕೆಳಗೆ ಹಾರಬೇಕು. ಕೆಳಗೆ ಹಾರಿದಷ್ಟೂ ಇಂಧನ ಬೇಗ ತೀರುತ್ತದೆ. ಗುರಿಯ ಮೇಲೆ ಸುಳಿದಾಡಲು ಸಮಯವಿಲ್ಲ. ಒಂದೇ ಸಲ ಎರಗಿ, ಬಂದ ವೇಗದಲ್ಲೇ ಮನೆಯ ದಾರಿ ಹಿಡಿಯಬೇಕು. ಹಾಗಾಗಿ ಅಂದು ಹೊರಟ ಪ್ರತಿಯೊಬ್ಬ ಪೈಲಟ್‌ಗೂ ಒಂದು ವಿಷಯ ಸ್ಪಷ್ಟವಿತ್ತು: ನಡುವೆ ಶತ್ರು ವಿಮಾನದೊಂದಿಗೆ ಸೆಣಸಾಟಕ್ಕೆ ನಿಂತರೆ ಮರಳಿ ನೆಲೆ ಮುಟ್ಟಲು ಇಂಧನ ಉಳಿಯುವುದಿಲ್ಲ.

1ನೇ ಸ್ಕ್ವಾಡ್ರನ್‌ನಿಂದ 12 ಮಿಸ್ಟೇರ್‌ಗಳು ಹೋಗಬೇಕೆಂದು ಯೋಜನೆ. ತಂಡದ ನಾಯಕ ವಿಂಗ್ ಕಮಾಂಡರ್ ಓಂಪ್ರಕಾಶ್ ತನೇಜಾ. ದೇವಯ್ಯ ಅವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಅವರದು ಕಾಯ್ದಿರಿಸಿದ ವಿಮಾನ. ಯಾವುದಾದರೂ ವಿಮಾನ ಕೈಕೊಟ್ಟರೆ ಮಾತ್ರ ಅವರು ಆ ಜಾಗ ತುಂಬಬೇಕಿತ್ತು. ಕತ್ತಲು ಇನ್ನೂ ಹರಿಯದ ಆ ಹೊತ್ತಿನಲ್ಲಿ ಒಂದು ಜಾಗ ತೆರವಾಯಿತು, ದೇವಯ್ಯ ತಂಡ ಸೇರಿಕೊಂಡರು.

ವಿಮಾನಗಳು ಸರ್ಗೋಧಾ ತಲುಪಿ ನೆಲೆಯ ಮೇಲೆ ದಾಳಿ ಮಾಡಿ ಹಿಂತಿರುಗಿದವು. ಆಗಿನ್ನೂ ಮಬ್ಬು ಬೆಳಕು. ಪೈಲಟ್‌ಗಳ ಕಣ್ಣೆಲ್ಲ ನೆಲದ ಮೇಲೆ, ಇಂಧನದ ಮಾಪಕದ ಮೇಲೆ ಮತ್ತು ಎದುರಿನ ವಿಮಾನದ ಮೇಲೆ. ಶತ್ರುವಿಗೆ ಸುಳಿವು ಸಿಗಬಾರದೆಂದು ರೇಡಿಯೊದಲ್ಲಿ ಮಾತು ಬಹುಮಟ್ಟಿಗೆ ಬಂದ್. ಹೀಗಾಗಿ ಹಿಂದೆ ಉಳಿದ ಒಂದು ವಿಮಾನಕ್ಕೆ ಏನಾಯಿತೆಂದು ಮುಂದಿದ್ದವರಿಗೆ ತಿಳಿಯಲಿಲ್ಲ. ಆದಂಪುರದಲ್ಲಿ ಇಳಿದು ತಲೆ ಎಣಿಸಿದಾಗ ದೇವಯ್ಯ ಇರಲಿಲ್ಲ. ವಿಮಾನವಿರೋಧಿ ತೋಪುಗಳಿಗೆ ಸಿಕ್ಕಿರಬಹುದು, ಇಂಧನ ತೀರಿ ಎಲ್ಲಾದರೂ ಇಳಿದಿರಬಹುದು ಎಂದು ಊಹಿಸುವುದಷ್ಟೇ ಉಳಿಯಿತು.

‘ಕಾಣೆಯಾಗಿದ್ದಾರೆ’ ಎಂದರೆ

ಭೂಸೇನೆಯ ಸೈನಿಕ ಬಿದ್ದರೆ ಪಕ್ಕದಲ್ಲಿ ಸಂಗಡಿಗನಿರುತ್ತಾನೆ. ಯುದ್ಧವಿಮಾನದ ಪೈಲಟ್ ಬೀಳುವುದು ಒಬ್ಬನೇ, ಅದೂ ಬಹುತೇಕ ಶತ್ರುವಿನ ನೆಲದಲ್ಲಿ. ಅವನ ಕಡೆಯವರು ಅಲ್ಲಿಗೆ ಹೋಗಿ ನೋಡುವಂತಿಲ್ಲ. ಅವಶೇಷವೂ ದೇಹವೂ ಸಾಕ್ಷಿಯೂ ಎದುರಾಳಿಯ ವಶದಲ್ಲಿರುತ್ತವೆ. ಎದುರಾಳಿ ಹೇಳಿದರೆ ಸುದ್ದಿ, ಹೇಳದಿದ್ದರೆ ಮೌನ.

ಈ ಮೌನ ಮುರಿಯಲೆಂದೇ 1949ರ ಜಿನೀವಾ ಒಪ್ಪಂದಗಳಲ್ಲಿ ನಿಯಮಗಳಿವೆ. ಮೂರನೆಯ ಒಪ್ಪಂದದ ಪ್ರಕಾರ ಯುದ್ಧದಲ್ಲಿ ತೊಡಗಿದ ಪ್ರತಿ ದೇಶವೂ ಯುದ್ಧಕೈದಿಗಳ ಮಾಹಿತಿ ಕಚೇರಿ ತೆರೆದು, ಸೆರೆಸಿಕ್ಕವರ ವಿವರವನ್ನು ಎದುರು ದೇಶಕ್ಕೆ ತಲುಪಿಸಬೇಕು. ಇದಕ್ಕೆ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ ಮಧ್ಯವರ್ತಿಯಾಗುತ್ತದೆ. ಮೊದಲನೆಯ ಒಪ್ಪಂದದ ಪ್ರಕಾರ ಸತ್ತ ಶತ್ರು ಸೈನಿಕನ ಗುರುತು ದಾಖಲಿಸಿ, ಗೌರವದಿಂದ ಅಂತ್ಯಕ್ರಿಯೆ ಮಾಡಿ, ಸಮಾಧಿಯನ್ನು ಗುರುತಿಸಿಡಬೇಕು. ಭಾರತವೂ ಪಾಕಿಸ್ತಾನವೂ ಈ ಒಪ್ಪಂದಗಳನ್ನು ಒಪ್ಪಿ ಅಂಗೀಕರಿಸಿವೆ. ಆದರೆ ಹೊಲದಲ್ಲಿ ಬಿದ್ದ ವಿಮಾನದ ಬಳಿಗೆ ಮೊದಲು ಓಡಿ ಬರುವವರು ಅಕ್ಕಪಕ್ಕದ ರೈತರು. ಕಚೇರಿ, ಕಡತ, ಒಪ್ಪಂದ ಇವೆಲ್ಲ ಬರುವುದು ಆಮೇಲೆ, ಕೆಲವೊಮ್ಮೆ ಬರುವುದೇ ಇಲ್ಲ.

ಮನೆಯವರ ಪಾಲಿಗೆ ‘ಕಾಣೆ’ ಎಂಬ ಸ್ಥಿತಿ ಸಾವಿನ ಸುದ್ದಿಗಿಂತ ಕಠಿಣ. ಏಳು ವರ್ಷ ಯಾವ ಸುದ್ದಿಯೂ ಇಲ್ಲದ ವ್ಯಕ್ತಿ ಬದುಕಿದ್ದಾನೆ ಎನ್ನುವವರೇ ಅದನ್ನು ರುಜುವಾತು ಮಾಡಬೇಕು ಎಂದು 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಕಲಂ ಹೇಳುತ್ತಿತ್ತು. ಸೇನೆಗೆ ತನ್ನದೇ ವಿಚಾರಣೆಯ ಕ್ರಮವಿದೆ. ಸಾಕ್ಷ್ಯ ನೋಡಿ ‘ಕಾಣೆ’ ಎಂಬುದನ್ನು ‘ಮೃತರೆಂದು ಭಾವಿಸಲಾಗಿದೆ’ ಎಂದು ಬದಲಿಸುತ್ತಾರೆ. ಪಿಂಚಣಿ ಮತ್ತಿತರ ಸೌಲಭ್ಯಗಳಿಗೆ ಇದು ದಾರಿ ಮಾಡಿಕೊಡುತ್ತದೆ. ಆದರೆ ಬಾಗಿಲು ತಟ್ಟಿದ ಸದ್ದಾದಾಗಲೆಲ್ಲ ಎದೆ ನಡುಗುವುದನ್ನು ಯಾವ ಆದೇಶವೂ ನಿಲ್ಲಿಸಲಾರದು. ದೇವಯ್ಯ ಅವರ ಹೆಸರು ಯುದ್ಧಕೈದಿಗಳ ಪಟ್ಟಿಯಲ್ಲಿ ಬರಲಿಲ್ಲ. ತಾಷ್ಕೆಂಟ್ ಒಪ್ಪಂದದ ಬಳಿಕ ಕೈದಿಗಳು ಮರಳಿದರು, ಅವರಲ್ಲೂ ದೇವಯ್ಯ ಇರಲಿಲ್ಲ.

ಅದೇ ಜಿಲ್ಲೆ, ಅದೇ ಯುದ್ಧ, ಬೇರೆ ಗತಿ

ದೇವಯ್ಯ ಕಣ್ಮರೆಯಾದ ಹದಿನೈದು ದಿನಕ್ಕೆ ಕೊಡಗಿನ ಇನ್ನೊಬ್ಬ ಪೈಲಟ್ ಪಾಕಿಸ್ತಾನದ ನೆಲಕ್ಕೆ ಬಿದ್ದರು. ಅವರು ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ. ‘ನಂದಾ’ ಎಂದು ಎಲ್ಲರಿಗೂ ಪರಿಚಿತರಾದ ಇವರು ನಿವೃತ್ತ ಜನರಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ ಅವರ ಮಗ. 20ನೇ ಸ್ಕ್ವಾಡ್ರನ್‌ನ ಹಂಟರ್ ವಿಮಾನದಲ್ಲಿ ಸೆಪ್ಟೆಂಬರ್ 22ರಂದು, ಕದನವಿರಾಮಕ್ಕೆ ಕೆಲವೇ ಗಂಟೆಗಳ ಮುಂಚೆ, ನೆಲದಿಂದ ಬಂದ ಗುಂಡಿಗೆ ಅವರ ವಿಮಾನ ತುತ್ತಾಯಿತು. ಪ್ಯಾರಾಚೂಟ್‌ನಿಂದ ಇಳಿದ ಅವರ ಬೆನ್ನುಮೂಳೆಗೆ ಪೆಟ್ಟಾಗಿತ್ತು. ಪಾಕಿಸ್ತಾನದ ಸೈನಿಕರು ಅವರನ್ನು ಸೆರೆಹಿಡಿದರು.

ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದವರು ಅಯೂಬ್ ಖಾನ್. ದೇಶ ವಿಭಜನೆಗೆ ಮುಂಚೆ ಒಂದೇ ಸೇನೆಯಲ್ಲಿ ಅವರು ಕಾರ್ಯಪ್ಪ ಅವರ ಕೈಕೆಳಗೆ ಕೆಲಸ ಮಾಡಿದ್ದರು. ಸೆರೆಸಿಕ್ಕ ಪೈಲಟ್ ಕಾರ್ಯಪ್ಪ ಅವರ ಮಗ ಎಂದು ತಿಳಿದಾಗ ಪಾಕಿಸ್ತಾನ ರೇಡಿಯೊ ಸುದ್ದಿ ಬಿತ್ತರಿಸಿತು. ದೆಹಲಿಯಲ್ಲಿದ್ದ ಪಾಕಿಸ್ತಾನಿ ಹೈಕಮಿಷನರ್ ಮೂಲಕ ಕಾರ್ಯಪ್ಪ ಅವರಿಗೆ ಸಂದೇಶವೂ ಬಂತು. ಮಗನನ್ನು ವಿಶೇಷವಾಗಿ ನೋಡಿಕೊಳ್ಳುವ ಕೊಡುಗೆಯನ್ನು ಕಾರ್ಯಪ್ಪ ಒಪ್ಪಲಿಲ್ಲ. ಸೆರೆಯಲ್ಲಿರುವ ಭಾರತೀಯರೆಲ್ಲರೂ ತಮ್ಮ ಮಕ್ಕಳೇ, ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಬೇಕು ಎಂಬುದು ಅವರ ಉತ್ತರವಾಗಿತ್ತು. ಅಯೂಬ್ ಖಾನ್ ಅವರ ಪತ್ನಿ ಆಸ್ಪತ್ರೆಗೆ ಬಂದು ನಂದಾ ಅವರನ್ನು ಕಂಡರು. ತಂದ ಕಾಣಿಕೆ ಸಿಗರೇಟು ಮತ್ತು ವುಡ್‌ಹೌಸ್ ಬರೆದ ಒಂದು ಕಾದಂಬರಿ. 1966ರ ಜನವರಿಯಲ್ಲಿ ನಂದಾ ಕಾರ್ಯಪ್ಪ ಇತರ ಕೈದಿಗಳೊಂದಿಗೆ ತಾಯ್ನಾಡಿಗೆ ಮರಳಿದರು. ಮುಂದೆ ಏರ್ ಮಾರ್ಷಲ್ ಹುದ್ದೆಗೇರಿ ನಿವೃತ್ತರಾಗಿ, ತಂದೆಯ ಜೀವನಚರಿತ್ರೆಯನ್ನೂ ಬರೆದರು.

ಎರಡೂ ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಬದುಕಿ ಸೆರೆಸಿಕ್ಕವರ ಸುದ್ದಿ ಬಾನುಲಿಯಲ್ಲಿ ಬಂತು. ಹೋರಾಡಿ ಮಡಿದವರ ಸುದ್ದಿ ಒಂದು ಹಳ್ಳಿಯ ಹೊಲದಲ್ಲಿ ಮಣ್ಣಿನ ಕೆಳಗೆ ಉಳಿಯಿತು. ಕೊಡಗಿನ ಒಂದು ಮನೆ ದಿನಗಳಲ್ಲಿ ನಿಟ್ಟುಸಿರು ಬಿಟ್ಟಿತು, ಇನ್ನೊಂದು ವರ್ಷಗಟ್ಟಲೆ ಕಾಯಿತು.

1979ರಲ್ಲಿ ತೆರೆದ ಪುಟ

ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1965ರ ವಾಯುಯುದ್ಧದ ಬಗ್ಗೆ ಪಾಕಿಸ್ತಾನದ ಕಡೆಯಿಂದ ಮಾಹಿತಿ ಪಡೆದು ಒಂದು ಪುಸ್ತಕ ಬರೆದರು. ಅದು 1979ರಲ್ಲಿ ಪ್ರಕಟವಾಯಿತು. ಪಾಕಿಸ್ತಾನಿ ವಾಯುಪಡೆಯ ಸಾಧನೆಯನ್ನು ಹೇಳುವುದು ಆ ಪುಸ್ತಕದ ಉದ್ದೇಶ. ಆದರೆ ಸೆಪ್ಟೆಂಬರ್ 7ರ ಬೆಳಗಿನ ವಿವರ ಬರೆಯುವಾಗ ಅದರಲ್ಲಿ ಹೆಸರಿಲ್ಲದ ಒಬ್ಬ ಭಾರತೀಯ ಪೈಲಟ್ ಕಾಣಿಸಿಕೊಂಡರು.

ಅಂದು ಸರ್ಗೋಧಾದ ಮೇಲೆ ಕಾವಲಿಗಿದ್ದ ಸ್ಟಾರ್‌ಫೈಟರ್ ವಿಮಾನವನ್ನು ಹಾರಿಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಖಾನ್. ಅಮೆರಿಕದ ಲಾಕ್‌ಹೀಡ್ ಕಂಪನಿಯ ಈ ಎಫ್-104 ವಿಮಾನ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದು. ಅದರಲ್ಲಿ ಸೈಡ್‌ವೈಂಡರ್ ಕ್ಷಿಪಣಿಗಳಿದ್ದವು, ನಿಮಿಷಕ್ಕೆ ಸಾವಿರಾರು ಗುಂಡು ಉಗುಳುವ 20 ಮಿಲಿಮೀಟರ್ ತೋಪಿತ್ತು. ಮಿಸ್ಟೇರ್‌ಗೆ ಶಬ್ದವೇಗವನ್ನು ನೇರ ಹಾರಾಟದಲ್ಲಿ ದಾಟುವ ಶಕ್ತಿಯೂ ಇರಲಿಲ್ಲ. ಕಾಗದದ ಮೇಲೆ ಇದು ಸಾಟಿಯಿಲ್ಲದ ಕಾಳಗ.

ಅಮ್ಜದ್ ಹುಸೇನ್ ಮರಳುತ್ತಿದ್ದ ಮಿಸ್ಟೇರ್ ಒಂದನ್ನು ಬೆನ್ನಟ್ಟಿ ಕ್ಷಿಪಣಿ ಬಿಟ್ಟರು, ಅದು ಗುರಿ ತಪ್ಪಿ ನೆಲಕ್ಕೆ ಹೋಯಿತು. ಆಮೇಲೆ ತೋಪಿನಿಂದ ಹೊಡೆದರು. ಮಿಸ್ಟೇರ್‌ಗೆ ಗುಂಡು ತಾಗಿತು. ಇನ್ನು ಅದರ ಕಥೆ ಮುಗಿಯಿತೆಂದು ಸ್ಟಾರ್‌ಫೈಟರ್ ಅದನ್ನು ಬಿಟ್ಟು ಬೇರೆಯತ್ತ ತಿರುಗಿತು. ಆದರೆ ಗಾಯಗೊಂಡ ಆ ಮಿಸ್ಟೇರ್‌ನ ಪೈಲಟ್ ಪ್ಯಾರಾಚೂಟ್ ಕಟ್ಟಿಕೊಂಡು ಹಾರಲಿಲ್ಲ, ಗಡಿಯ ಕಡೆಗೂ ಓಡಲಿಲ್ಲ. ವಿಮಾನವನ್ನು ತಿರುಗಿಸಿ ಸ್ಟಾರ್‌ಫೈಟರ್‌ಗೆ ಎದುರು ನಿಂತರು.

ಇಲ್ಲಿ ವಿಮಾನಗಳ ಸ್ವಭಾವ ತಿಳಿಯುವುದು ಅಗತ್ಯ. ಸ್ಟಾರ್‌ಫೈಟರ್‌ನ ರೆಕ್ಕೆ ಅತಿ ಚಿಕ್ಕದು, ತೆಳುವಾದುದು. ನೇರ ಓಟದಲ್ಲಿ ಅದನ್ನು ಹಿಡಿಯುವವರಿಲ್ಲ. ಆದರೆ ಕೆಳಮಟ್ಟದಲ್ಲಿ, ಕಡಿಮೆ ವೇಗದಲ್ಲಿ ಸುತ್ತು ತಿರುಗಬೇಕಾದರೆ ಅದಕ್ಕೆ ಬಹಳ ದೊಡ್ಡ ಜಾಗ ಬೇಕು. ಮಿಸ್ಟೇರ್ ನಿಧಾನ, ಆದರೆ ಬಿಗಿಯಾಗಿ ತಿರುಗಬಲ್ಲದು. ಸ್ಟಾರ್‌ಫೈಟರ್ ವೇಗ ತಗ್ಗಿಸಿ ಸುತ್ತಾಟದ ಕಾಳಗಕ್ಕೆ ಇಳಿದಾಗ ತನ್ನ ದೊಡ್ಡ ಅನುಕೂಲವನ್ನೇ ಕೈಬಿಟ್ಟಂತಾಯಿತು. ಮಿಸ್ಟೇರ್‌ನ ಎರಡು 30 ಮಿಲಿಮೀಟರ್ ತೋಪುಗಳ ಗುಂಡುಗಳು ಸ್ಟಾರ್‌ಫೈಟರ್‌ಗೆ ಬಡಿದವು. ನಿಯಂತ್ರಣ ಕಳೆದುಕೊಂಡ ವಿಮಾನದಿಂದ ಅಮ್ಜದ್ ಹುಸೇನ್ ಹೊರಚಿಮ್ಮಿ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡರು. ಮಿಸ್ಟೇರ್ ನೆಲಕ್ಕಪ್ಪಳಿಸಿತು, ಅದರ ಪೈಲಟ್ ಉಳಿಯಲಿಲ್ಲ. ಸ್ಟಾರ್‌ಫೈಟರ್ ಬಿದ್ದದ್ದು ಗುಂಡಿನಿಂದಲ್ಲ, ಸಿಡಿದ ಮಿಸ್ಟೇರ್‌ನ ಚೂರುಗಳು ಬಡಿದು ಅಥವಾ ಎರಡೂ ವಿಮಾನಗಳು ತಾಗಿ ಎಂಬ ವಾದ ಪಾಕಿಸ್ತಾನದ ಬರಹಗಳಲ್ಲಿ ಇದೆ. ಆದರೆ ಪೆಟ್ಟು ತಿಂದ ಮಿಸ್ಟೇರ್ ಬೆನ್ನು ತೋರಿಸದೆ ತಿರುಗಿ ಸೆಣಸಿತು ಎಂಬುದನ್ನು ಎದುರಾಳಿಯ ಕಡೆಯ ಕಥನವೇ ಹೇಳಿತು.

ಆ ಪೈಲಟ್‌ನ ದೇಹ ಹೊಲದಲ್ಲಿ ಹೆಚ್ಚು ಹಾನಿಯಾಗದೆ ಸಿಕ್ಕಿತೆಂದೂ ಹಳ್ಳಿಗರು ಅಲ್ಲೇ ಮಣ್ಣು ಮಾಡಿದರೆಂದೂ ಮುಂದೆ ಗೊತ್ತಾಯಿತು.

ಹೆಸರು ಕೂಡಿಸಿದವರು

ಪುಸ್ತಕದಲ್ಲಿ ಹೆಸರಿರಲಿಲ್ಲ. ಅದನ್ನು ಗುರುತಿಸಿದ್ದು ಎರಡೂ ಕಡೆಯ ಲೆಕ್ಕವನ್ನು ಪಕ್ಕಪಕ್ಕದಲ್ಲಿ ಇಟ್ಟ ಮೇಲೆ. ಪಾಕಿಸ್ತಾನದ ಕಥನದಲ್ಲಿ ದಿನ, ಹೊತ್ತು, ಸ್ಥಳ ಮತ್ತು ವಿಮಾನದ ಜಾತಿ ಇದ್ದವು. ಭಾರತದ ಹಾರಾಟ ದಾಖಲೆಯಲ್ಲಿ ಯಾರು ಯಾವ ವಿಮಾನದಲ್ಲಿ ಎಷ್ಟು ಹೊತ್ತಿಗೆ ಹೊರಟರು, ಯಾರು ಮರಳಿದರು ಎಂಬುದಿತ್ತು. ಅಂದು ಬೆಳಗ್ಗೆ ಸರ್ಗೋಧಾದ ಮೊದಲ ದಾಳಿಗೆ ಹೋಗಿ ಬರದೇ ಉಳಿದ ಮಿಸ್ಟೇರ್ ಒಂದೇ. ಅದರ ಪೈಲಟ್ ದೇವಯ್ಯ.

ಅಂದಿನ ತಂಡದ ನಾಯಕ ತನೇಜಾ ಆ ವೇಳೆಗೆ ನಿವೃತ್ತರಾಗಿದ್ದರು. ತಮ್ಮ ತಂಡದ ಒಬ್ಬ ಪೈಲಟ್ ಯಾರಿಗೂ ಕಾಣದೆ ಮಾಡಿದ ಸಾಹಸ ತಿಳಿದ ಮೇಲೆ ಅವರು ಸುಮ್ಮನಿರಲಿಲ್ಲ. ಆ ಹೋರಾಟಕ್ಕೆ ಮನ್ನಣೆ ಸಿಗಬೇಕೆಂದು ಸರ್ಕಾರಕ್ಕೆ ಬರೆದರು, ಬೆನ್ನುಹತ್ತಿದರು. ಯುದ್ಧ ಮುಗಿದು ಎರಡು ದಶಕ ಕಳೆದ ಮೇಲೆ ಶೌರ್ಯಪ್ರಶಸ್ತಿಯ ಕಡತ ಮತ್ತೆ ತೆರೆಯುವುದು ಸುಲಭದ ಮಾತಲ್ಲ. ಆದರೂ 1988ರಲ್ಲಿ, ಅಂದರೆ 23 ವರ್ಷಗಳ ಬಳಿಕ, ದೇವಯ್ಯ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಘೋಷಣೆಯಾಯಿತು. ಪದಕವನ್ನು ಅವರ ಪತ್ನಿ ಸ್ವೀಕರಿಸಿದರು. ಪರಮವೀರ ಚಕ್ರದ ನಂತರದ ಈ ಎರಡನೆಯ ಅತ್ಯುನ್ನತ ಯುದ್ಧಶೌರ್ಯ ಪ್ರಶಸ್ತಿಯನ್ನು ಮರಣೋತ್ತರವಾಗಿ ಪಡೆದ ವಾಯುಪಡೆಯ ಏಕೈಕ ಅಧಿಕಾರಿ ಅವರು.

ಎದುರಾಳಿ ಅಮ್ಜದ್ ಹುಸೇನ್ ಅವರಿಗೂ ಪಾಕಿಸ್ತಾನ ಸಿತಾರಾ-ಎ-ಜುರ್ರತ್ ಪ್ರಶಸ್ತಿ ಕೊಟ್ಟಿತು. 1971ರ ಡಿಸೆಂಬರ್ 5ರಂದು ಅಮೃತಸರದ ರೇಡಾರ್ ಮೇಲೆ ದಾಳಿಗೆ ಬಂದಾಗ ಭಾರತದ ವಿಮಾನವಿರೋಧಿ ತೋಪುಗಳು ಅವರ ಸ್ಟಾರ್‌ಫೈಟರ್ ಅನ್ನು ಉರುಳಿಸಿದವು. ಎರಡನೆಯ ಸಲವೂ ಅವರು ಬದುಕುಳಿದರು. ಈ ಬಾರಿ ಭಾರತದ ಯುದ್ಧಕೈದಿಯಾಗಿ, ಬಳಿಕ ಬಿಡುಗಡೆ ಹೊಂದಿ ತಮ್ಮ ದೇಶಕ್ಕೆ ಮರಳಿದರು.

ಬೇರೆ ದೇಶಗಳ ಹುಡುಕಾಟ

ಎರಡನೆಯ ಮಹಾಯುದ್ಧ ಮುಗಿಯುವಾಗ ಬ್ರಿಟನ್ನಿನ ವಾಯುಪಡೆಯ ಪಟ್ಟಿಯಲ್ಲಿ ಕಾಣೆಯಾದವರು ಸುಮಾರು 42,000 ಮಂದಿ. ಅವರನ್ನು ಹುಡುಕಲೆಂದೇ ಒಂದು ವಿಶೇಷ ವಿಭಾಗ ಯುರೋಪಿನ ಹಳ್ಳಿಹಳ್ಳಿ ಸುತ್ತಿತು. ಎಂಜಿನ್ ಮೇಲಿನ ಸಂಖ್ಯೆ, ಬಂದೂಕಿನ ಮೇಲಿನ ಸಂಖ್ಯೆ, ಅಂಗಿಯ ಕಾಲರಿನಲ್ಲಿ ದೋಬಿ ಹಾಕಿದ ಗುರುತು, ಬೆರಳಿನ ಉಂಗುರ, ಇಗರ್ಜಿಯ ಪಾದ್ರಿ ಬರೆದಿಟ್ಟ ಸಮಾಧಿಯ ವಿವರ ಇವೆಲ್ಲವೂ ಸಾಕ್ಷಿಗಳಾದವು. ಸಾವಿರಾರು ಸಮಾಧಿಗಳಿಗೆ ಹೆಸರು ಸಿಕ್ಕಿತು. ಆದರೂ ಯಾವ ಸಮಾಧಿಯೂ ತಿಳಿಯದೆ ಉಳಿದ 20,000ಕ್ಕೂ ಹೆಚ್ಚು ವಾಯುಯೋಧರ ಹೆಸರುಗಳನ್ನು ಲಂಡನ್ ಬಳಿಯ ರನ್ನಿಮೀಡ್ ಸ್ಮಾರಕದಲ್ಲಿ ಕೆತ್ತಲಾಗಿದೆ. ಅದು 1953ರಲ್ಲಿ ತೆರೆಯಿತು. ಗೆದ್ದ ಸೈನ್ಯಗಳು ಯುರೋಪಿನಲ್ಲೇ ನೆಲೆಸಿದ್ದರಿಂದ ಬಿದ್ದ ಜಾಗಕ್ಕೇ ಹೋಗಿ ಹುಡುಕಲು ಬ್ರಿಟಿಷರಿಗೆ ಸಾಧ್ಯವಾಯಿತು. ಭಾರತಕ್ಕೂ ಪಾಕಿಸ್ತಾನಕ್ಕೂ ನಡುವೆ ಅಂಥ ದಾರಿ ಇರಲಿಲ್ಲ.

ಬಾಲ್ಟಿಕ್ ತೀರದ ಪುಟ್ಟ ದೇಶ ಎಸ್ತೋನಿಯಾದ ಕಥೆ ಇನ್ನೂ ಜಟಿಲ. 1940ರಲ್ಲಿ ಅದು ಸೋವಿಯತ್ ಒಕ್ಕೂಟದ ವಶವಾಯಿತು, 1941ರಲ್ಲಿ ಜರ್ಮನಿಯ ವಶವಾಯಿತು, 1944ರಲ್ಲಿ ಮತ್ತೆ ಸೋವಿಯತ್ ಕೈಗೆ ಹೋಯಿತು. ಅಲ್ಲಿನ ಹಲವು ಪೈಲಟ್‌ಗಳು ಜರ್ಮನ್ ವಾಯುಪಡೆಯ ರಾತ್ರಿ ದಾಳಿ ದಳದಲ್ಲಿ ಹಾರಿದರು. 1944ರ ಶರತ್ಕಾಲದಲ್ಲಿ ಸೋಲು ಖಚಿತವಾದಾಗ ಕೆಲವರು ವಿಮಾನ ಸಮೇತ ಸ್ವೀಡನ್‌ಗೆ ಹಾರಿದರು. ಅಲ್ಲೂ ನೆಮ್ಮದಿ ಇರಲಿಲ್ಲ. 1946ರ ಜನವರಿಯಲ್ಲಿ ಸ್ವೀಡನ್ ತನ್ನಲ್ಲಿ ಆಶ್ರಯ ಪಡೆದಿದ್ದ 146 ಬಾಲ್ಟಿಕ್ ಸೈನಿಕರನ್ನು ಸೋವಿಯತ್ ಒಕ್ಕೂಟಕ್ಕೆ ಒಪ್ಪಿಸಿತು. ಅವರಲ್ಲಿ ಎಸ್ತೋನಿಯನ್ನರು ಏಳು ಮಂದಿ. ಊರಲ್ಲೇ ಉಳಿದವರಲ್ಲಿ ಅನೇಕರು ಸೆರೆಶಿಬಿರ ಸೇರಿದರು. ಶತ್ರುವಿನ ಸಮವಸ್ತ್ರ ತೊಟ್ಟವರೆಂಬ ಹಣೆಪಟ್ಟಿ ಇದ್ದುದರಿಂದ ಮನೆಯವರು ಬಹಿರಂಗವಾಗಿ ಹುಡುಕುವಂತೆಯೂ ಇರಲಿಲ್ಲ. 1991ರಲ್ಲಿ ದೇಶ ಮತ್ತೆ ಸ್ವತಂತ್ರವಾಗಿ ಹಳೆಯ ಕಡತಗಳು ತೆರೆದ ಮೇಲೆ ಮಕ್ಕಳು, ಮೊಮ್ಮಕ್ಕಳು ಹುಡುಕಾಟಕ್ಕೆ ಕುಳಿತರು.

ನಮ್ಮಲ್ಲೂ ತೆರೆಯದ ಪುಟಗಳಿವೆ. 1965 ಮತ್ತು 1971ರ ಯುದ್ಧಗಳಲ್ಲಿ ಕಾಣೆಯಾದ 54 ಯೋಧರ ಪಟ್ಟಿ ಬಹುಕಾಲದಿಂದ ಚರ್ಚೆಯಲ್ಲಿದೆ. ಅವರಲ್ಲಿ ಹಲವರು ಪೈಲಟ್‌ಗಳು. 1971ರ ಡಿಸೆಂಬರ್ 5ರಂದು ಕಾಣೆಯಾದ ಫ್ಲೈಟ್ ಲೆಫ್ಟಿನೆಂಟ್ ವಿಜಯ್ ವಸಂತ್ ತಾಂಬೆ ಅವರ ಹೆಸರು ಸೆರೆಸಿಕ್ಕ ಪೈಲಟ್ ಎಂದು ಅಂದಿನ ಪಾಕಿಸ್ತಾನಿ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಆದರೂ ಅವರು ಮರಳಲಿಲ್ಲ. ಕಾಣೆಯಾದವರ ಬಂಧುಗಳ ತಂಡವೊಂದು 2007ರಲ್ಲಿ ಪಾಕಿಸ್ತಾನದ ಜೈಲುಗಳನ್ನು ಸುತ್ತಿ ಬಂತು, ಯಾರೂ ಸಿಗಲಿಲ್ಲ. ಅಂಥವರು ತನ್ನ ವಶದಲ್ಲಿಲ್ಲ ಎಂಬುದು ಪಾಕಿಸ್ತಾನದ ನಿಲುವು.

ಕಾಲ ಕಳೆದ ಮೇಲೆ ಎದುರಾಳಿಯೇ ಬಾಯಿಬಿಟ್ಟ ಇನ್ನೊಂದು ನಿದರ್ಶನ 1965ರದ್ದೇ. ಅದೇ ಸೆಪ್ಟೆಂಬರ್ 19ರಂದು ಗುಜರಾತಿನ ಮುಖ್ಯಮಂತ್ರಿ ಬಲವಂತರಾಯ್ ಮೆಹ್ತಾ ಪ್ರಯಾಣಿಸುತ್ತಿದ್ದ ನಾಗರಿಕ ವಿಮಾನವನ್ನು ಪಾಕಿಸ್ತಾನದ ಪೈಲಟ್ ಕೈಸ್ ಹುಸೇನ್ ಹೊಡೆದುರುಳಿಸಿದ್ದರು. 46 ವರ್ಷಗಳ ನಂತರ, 2011ರಲ್ಲಿ, ಅವರು ಆ ವಿಮಾನದ ಪೈಲಟ್ ಜಹಾಂಗೀರ್ ಎಂಜಿನಿಯರ್ ಅವರ ಮಗಳಿಗೆ ಪತ್ರ ಬರೆದು ಅಂದು ನಡೆದದ್ದನ್ನು ವಿವರಿಸಿ ಸಂತಾಪ ಹೇಳಿದರು. ಮಗಳು ಆ ಪತ್ರಕ್ಕೆ ಸೌಜನ್ಯದಿಂದ ಉತ್ತರಿಸಿದರು.

ನೆನಪಿನಲ್ಲಿ ಉಳಿದದ್ದು

1988ರ ಪ್ರಶಸ್ತಿಯ ನಂತರ ದೇವಯ್ಯ ಅವರ ಹೆಸರು ಕೊಡಗಿನಲ್ಲಿ ಮನೆಮಾತಾಯಿತು. ಮಡಿಕೇರಿಯ ಖಾಸಗಿ ಬಸ್ ನಿಲ್ದಾಣದ ಬಳಿಯ ವೃತ್ತಕ್ಕೆ ಅವರ ಹೆಸರಿಡಲಾಗಿದೆ. 1965ರ ವಾಯುಯುದ್ಧದ ಬಗ್ಗೆ ಜಗನ್ ಮೋಹನ್ ಮತ್ತು ಸಮೀರ್ ಚೋಪ್ರಾ ಬರೆದ ಗ್ರಂಥ ಎರಡೂ ಕಡೆಯ ದಾಖಲೆಗಳನ್ನು ಹೋಲಿಸಿ ಸರ್ಗೋಧಾ ದಾಳಿಯ ವಿವರ ಕೊಟ್ಟಿತು. 2025ರ ಜನವರಿಯಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಹಿಂದಿ ಚಿತ್ರ ಇದೇ ಘಟನೆಯಿಂದ ಪ್ರೇರಿತವಾದದ್ದು. ಅದರಲ್ಲಿ ಪಾತ್ರಗಳ ಹೆಸರು ಬೇರೆ. ಚಿತ್ರ ಬಂದ ಮೇಲೆ ನಿಜವಾದ ಹೆಸರು ಕೇಳಿ ತಿಳಿದುಕೊಂಡವರು ದೇಶದಾದ್ಯಂತ ಇದ್ದಾರೆ.

ದೇವಯ್ಯ ಅವರ ಪ್ರಕರಣ ಬಗೆಹರಿದದ್ದು ಮೂರು ಸಂಗತಿಗಳು ಕೂಡಿ ಬಂದಿದ್ದರಿಂದ. ಎದುರಾಳಿ ಪೈಲಟ್ ಬದುಕಿದ್ದು ಕಂಡದ್ದನ್ನು ಹೇಳಿದರು. ಹೊರಗಿನ ಲೇಖಕರೊಬ್ಬರು ಅದನ್ನು ಬರೆದಿಟ್ಟರು. ತಂಡದ ನಾಯಕರು ಅದನ್ನು ಓದಿ, ತಮ್ಮ ದಾಖಲೆಯೊಂದಿಗೆ ಹೊಂದಿಸಿ, ನ್ಯಾಯ ಸಿಗುವವರೆಗೆ ಕೈಬಿಡಲಿಲ್ಲ. ಈ ಮೂರರಲ್ಲಿ ಒಂದು ತಪ್ಪಿದ್ದರೂ ಅವರು ಇಂದಿಗೂ ‘ಕಾಣೆಯಾದವರು’ ಎಂದೇ ಉಳಿಯುತ್ತಿದ್ದರು. ಯೋಧರಿದ್ದ ಮನೆಗಳಲ್ಲಿ ಉಳಿದಿರುವ ಹಳೆಯ ಪತ್ರ, ಹಾರಾಟದ ದಿನಚರಿ, ಫೋಟೊ, ತಂತಿ ಸಂದೇಶಗಳನ್ನು ರದ್ದಿಗೆ ಹಾಕದೆ ಜೋಪಾನ ಮಾಡಬೇಕು. ಎದುರು ಕಡೆಯ ಕಡತದಲ್ಲಿರುವ ಅರ್ಧಕ್ಕೆ ಇನ್ನರ್ಧ ಅವುಗಳಲ್ಲೇ ಇರಬಹುದು.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಪದಕ ಮನೆಗೆ ಬಂದಿದೆ, ಹೆಸರು ಊರಿನ ವೃತ್ತಕ್ಕೆ ಬಂದಿದೆ. ದೇಹ ಮಾತ್ರ ಪಾಕಿಸ್ತಾನದ ಪಂಜಾಬಿನಲ್ಲಿ, ಹಳ್ಳಿಗರು ಮಣ್ಣು ಮಾಡಿದ ಹೊಲದಲ್ಲೇ ಉಳಿಯಿತು.